ಅರವತ್ತೆರಡು ಮನೆಗೆ ಒಂದೇ ಖೋಲಿ

ಜಿಲಾನಿಸಾಬನಿಗೆ ನಾನು ಬೈದಷ್ಟು ಮಸ್ಕಿಯಲ್ಲಿ ಇನ್ಯಾರೂ ಬೈದಿರಲಿಕ್ಕಿಲ್ಲ. ಇಪ್ಪತ್ತೆರಡು ವರ್ಷದಿಂದ ನಮ್ಮಿಬ್ಬರ ನಡುವೆ ಇರುವುದು ಒಂದೇ ಗೋಡೆ. ಈಚೆ ನನ್ನ ಝೆರಾಕ್ಸ್ ಅಂಗಡಿ, ಆಚೆ ಅವನ ಮೊಬೈಲ್ ರಿಪೇರಿ. ನಾನು ಚಹಾ ಹೇಳಿದರೆ ಹೋಟೆಲಿನವನು ಕೇಳದೆಯೇ ಎರಡು ತರುತ್ತಾನೆ. ಊರಿಗೆಲ್ಲ ನಾನು ಅಮರಗುಂಡಪ್ಪ, ಕೊರಳಲ್ಲಿ ಲಿಂಗ ಕಟ್ಟಿದವನು. ಅವನಿಗೆ ಮಾತ್ರ ‘ಲೇ ಅಮರ್ಯಾ’. ಇಷ್ಟು ಸಲಿಗೆ ಇದ್ದವನ ಮೇಲೆ ಬಾಯಿ ಮಾಡದೆ ದಾರಿಯಲ್ಲಿ ಹೋಗುವವರ ಮೇಲೆ ಮಾಡಲಿಕ್ಕಾಗುತ್ತದೆಯೇ?

ಮೊದಲು ಮನುಷ್ಯ ಎಂಥವನು ಎಂದು ಹೇಳಿಬಿಡುತ್ತೇನೆ. ಅವನ ಅಪ್ಪ ಗಡಿಯಾರದ ಹುಸೇನ್‌ಸಾಬ್. ಹನ್ನೆರಡನೇ ವಯಸ್ಸಿಗೆ ಜಿಲಾನಿ ಶಾಲೆ ಬಿಟ್ಟು, ಅಪ್ಪನ ಪಕ್ಕ ಕೂತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ. ರಿಪೇರಿಗೆ ಬಂದ ಒಂದೊಂದು ಗಡಿಯಾರಕ್ಕೂ ದಾರ, ದಾರಕ್ಕೊಂದು ಚೀಟಿ, ಚೀಟಿಯಲ್ಲಿ ಹೆಸರು ಮತ್ತು ಊರು. ಒಬ್ಬರ ಗಡಿಯಾರ ಇನ್ನೊಬ್ಬರ ಕೈಗೆ ಹೋದದ್ದೇ ಇಲ್ಲ. ಮೊಬೈಲ್ ಬಂದು ಗಡಿಯಾರ ಕಟ್ಟುವವರೇ ಇಲ್ಲವಾದಾಗ ಒಂದು ವರ್ಷ ಅಂಗಡಿಗೆ ಬೀಗ ಬಿತ್ತು. ಆಮೇಲೆ ಯಾರೋ ಬಿಸಾಕಿದ ಸೆಟ್ಟೊಂದನ್ನು ಮನೆಗೆ ಒಯ್ದ. ಹೆಂಡತಿ ಸಕೀನಾಬೀ ಅಕ್ಕಿ ಹಸನು ಮಾಡುವ ಮೊರದಲ್ಲಿ ಅದನ್ನು ಬಿಚ್ಚಿ ಹರವಿಕೊಂಡು ಎಂಟು ದಿನ ನೋಡಿದ, ಒಂಬತ್ತನೇ ದಿನ ಕೂಡಿಸಿದ. ಅದು ಮಾತಾಡಿತು. ಅವತ್ತಿನಿಂದ ಇವನು ಮೊಬೈಲಿನವನಾದ.

ಅವನಿಗೊಂದು ಕೆಟ್ಟ ಚಾಳಿ ಇದೆ. ಎದುರು ನಿಂತವರ ಮುಖ ಸಣ್ಣಗಾದರೆ ಇವನಿಗೆ ತಡೆಯುವುದಿಲ್ಲ. ಹೊಸ ಫೋನಿಗೆ ಮೇಲ್ ಐಡಿ ಬೇಕು, ಐಡಿಗೊಂದು ಪಾಸ್‌ವರ್ಡ್ ಬೇಕು. ಜವಳಗೇರಾದ ಒಕ್ಕಲಿನವರು, ಹಟ್ಟಿಯ ಗಣಿಯಲ್ಲಿ ಶಿಫ್ಟ್ ಮಾಡುವವರು, ಸಿಂಧನೂರಿನ ಆಚೆ ಆರ್.ಎಚ್. ಕ್ಯಾಂಪಿಗೆ ನಿರಾಶ್ರಿತರಾಗಿ ಬಂದ ಬಂಗಾಲಿಗಳು, ಎಲ್ಲರೂ ಇವನ ಹತ್ತಿರವೇ ಬರುತ್ತಿದ್ದರು. ಬರೆದುಕೊಟ್ಟ ಪಾಸ್‌ವರ್ಡು ಅಂಗಿಯ ಜೇಬಿನಲ್ಲೇ ಒಗೆದುಹೋಗುತ್ತಿತ್ತು. ಆರು ತಿಂಗಳಿಗೆ ಫೋನು ಲಾಕ್ ಮಾಡಿಕೊಂಡು, ಮುಖ ಇಷ್ಟುದ್ದ ಮಾಡಿಕೊಂಡು ಮತ್ತೆ ಬರುತ್ತಿದ್ದರು. ಹತ್ತಾರು ಸಲ ಹೀಗಾದ ಮೇಲೆ ಜಿಲಾನಿ ಒಂದು ಉಪಾಯ ಹೂಡಿದ. ಇಂಥ ಗಿರಾಕಿಗಳಿಗೆಲ್ಲ ಒಂದೇ ಮೇಲ್. ಐಡಿ ಅಂಗಡಿಯ ಹೆಸರಿನದು, ಪಾಸ್‌ವರ್ಡ್ ಇವನ ತಲೆಯಲ್ಲಿ.

“ಮರತರ ನಾ ಅದೀನಲ್ಲ, ನೀವ್ಯಾಕ ತಲಿ ಕೆಡಿಸ್ಕೋತೀರಿ?” ಎನ್ನುತ್ತಿದ್ದ. ಹೀಗೆ ಆರು ವರ್ಷದಲ್ಲಿ ಅರವತ್ತೆರಡು ಮನೆಯವರು ಒಂದೇ ಮೇಲಿಗೆ ಕೂಡಿಕೊಂಡರು. ಅದರಲ್ಲಿ ನಾನೂ ಒಬ್ಬ. ಓದಿದವನು, ಇಂಗ್ಲಿಷ್ ಬಲ್ಲವನು ಎಂದು ಕಾಲರ್ ಎತ್ತುತ್ತೇನೆ, ಪಾಸ್‌ವರ್ಡ್ ಮಾತ್ರ ಎರಡು ಸಲ ಮರೆತಿದ್ದೆ.

ಕ್ಲೌಡ್ ಎಂದರೆ ನಮ್ಮವರಿಗೆ ತಿಳಿಯುವುದಿಲ್ಲ. ಜಿಲಾನಿ ಅದಕ್ಕೆ ‘ಮ್ಯಾಲಿನ ಖೋಲಿ’, ಮೇಲಿನ ಕೋಣೆ, ಎಂದು ಹೆಸರಿಟ್ಟ. ಫೋನು ನಿಮ್ಮ ಮನೆ, ಮನೆಯಲ್ಲಿ ಹಿಡಿಯದ ಸಾಮಾನನ್ನು ಮ್ಯಾಲಿನ ಖೋಲಿಯಲ್ಲಿ ಇಡುವುದು, ಅಷ್ಟೇ. ಶುರುವಿನಲ್ಲಿ ಎಲ್ಲರ ಫೋನಿನಲ್ಲೂ ಅದನ್ನು ಬಂದ್ ಮಾಡಿಯೇ ಕೊಟ್ಟಿದ್ದ. ಆದರೆ ಫೋನು ಸುಮ್ಮನಿರಬೇಕಲ್ಲ. ಒಂದು ದಿನ ‘ನಿಮ್ಮ ಫೋಟೋಗಳನ್ನು ಭದ್ರವಾಗಿ ಇಡಲೇ?’ ಎಂದು ಕೇಳುತ್ತದೆ, ಕೆಳಗೆ ನೀಲಿ ಗುಂಡಿ ತೋರಿಸುತ್ತದೆ. ಭದ್ರ ಎಂದರೆ ಬೇಡ ಎನ್ನುವವರು ಯಾರು? ಒಬ್ಬೊಬ್ಬರೇ ನೀಲಿ ಗುಂಡಿ ಒತ್ತಿದರು. ಅರವತ್ತೆರಡು ಮನೆಯ ಫೋಟೋ, ವಿಡಿಯೋ ಎಲ್ಲ ಗೋಡೆಯಿಲ್ಲದ ಒಂದೇ ಖೋಲಿಗೆ ಹೋಗಿ ಬಿದ್ದವು.

ಆಮೇಲಿನ ತಮಾಷೆ ಕೇಳಬೇಡಿ. ಲಿಂಗಸುಗೂರಿನ ಮದುಮಗಳು ಜವಳಗೇರಾದ ಫೋನಿನಲ್ಲಿ, ಜವಳಗೇರಾದ ಎಮ್ಮೆ ಹಟ್ಟಿಯ ಫೋನಿನಲ್ಲಿ. ಆರ್.ಎಚ್. ಕ್ಯಾಂಪಿನ ಯಾವುದೋ ಮನೆಯ ಮೀನಿನ ಸಾರು, ಮೀನಿನ ತಲೆ ಸಮೇತ, ನನ್ನ ಫೋನಿನಲ್ಲಿ ಬಂದು ಕೂತಿತ್ತು. ನನ್ನ ಹೆಂಡತಿ ಶಿವಕುಮಾರಿ ಅದನ್ನು ನೋಡಿ, ‘ಎಲ್ಲಿ ಉಂಡು ಬಂದ್ರಿ ಅಲ್ಲೇ ಉಣ್ರಿ’ ಎಂದು ಎರಡು ದಿನ ತಾಟು ಇಡಲಿಲ್ಲ. ನಾನು ಗೋಡೆಯ ಆಚೆ ಹೋಗಿ ಜಿಲಾನಿಯನ್ನು ಬಾಯಿಗೆ ಬಂದಂತೆ ಬೈದೆ.

“ಲೇ ಅಮರ್ಯಾ, ಅರವತ್ತೆರಡು ಮನಿಯವ್ರು ಒಂದ ಖೋಲ್ಯಾಗ ಕುಂತಾರ. ಒಂದರ ಜಗಳ ಆಗೈತೇನು ಹೇಳು?” ಎಂದು ನಕ್ಕ. ಆಗಿರಲಿಲ್ಲ.

ಈಗ ನಾಹಿದಾಳ ವಿಷಯ. ಜಿಲಾನಿಯ ಓಣಿಯ ಹೆಣ್ಣುಮಗಳು, ಮನೆಯಲ್ಲೇ ಬ್ಲೌಸು, ಚೂಡಿದಾರ ಹೊಲಿಯುತ್ತಾಳೆ. ಗಂಡ ವಾಸಿಂ ಸಿಂಧನೂರಿನ ರೈಸ್ ಮಿಲ್ಲಿನ ಲಾರಿ ಓಡಿಸುತ್ತಾನೆ, ತಿಂಗಳಲ್ಲಿ ಹದಿನೈದು ದಿನ ದಾರಿಯ ಮೇಲೆಯೇ ಇರುತ್ತಾನೆ. ಒಬ್ಬಳೇ ಮಗಳು ಮಹೆಕ್, ಏಳು ವರ್ಷದವಳು. ಎರಡು ವರ್ಷದ ಹಿಂದೆ ಆ ಕೂಸಿಗೆ ಫಿಟ್ಸ್ ಶುರುವಾಯಿತು. ಔಷಧ ಬದಲಾದವು, ಡಾಕ್ಟರು ಬದಲಾದರು. ಕೊನೆಗೆ ದೂರದ ದೊಡ್ಡ ಆಸ್ಪತ್ರೆಯ ನರದ ಡಾಕ್ಟರೊಬ್ಬರು ಮಗುವನ್ನು ಬಹಳ ಹೊತ್ತು ನೋಡಿ ಒಂದು ಕೆಲಸ ಹೇಳಿದರು. ಫಿಟ್ಸ್ ಬಂದಾಗಲೆಲ್ಲ ವಿಡಿಯೋ ಮಾಡಬೇಕು. ಬಿದ್ದ ಮೇಲಿನದಲ್ಲ, ಶುರುವಾಗುವ ಆ ಮೊದಲ ಗಳಿಗೆಯಿಂದ ಬೇಕು. ಎಲ್ಲಿಂದ ಶುರುವಾಗುತ್ತದೆ ಎಂದು ಗೊತ್ತಾದರೆ ಮಿದುಳಿನ ಯಾವ ಮೂಲೆಯಲ್ಲಿ ತೊಂದರೆ ಇದೆಯೆಂದು ತಿಳಿಯುತ್ತದೆ, ಆಪರೇಷನ್ ಆಗುತ್ತದೋ ಇಲ್ಲವೋ ಎಂದು ಹೇಳಬಹುದು.

ಮಹೆಕ್‌ಗೆ ಬರುವ ಮೊದಲು ಒಂದು ಸುಳಿವು ಸಿಗುತ್ತಿತ್ತು. “ಅಮ್ಮೀ, ಪೇಟ್ ಮೇ ಕ್ಯಾಕಿ ಹೋರಾ” ಎನ್ನುತ್ತಿದ್ದಳು, ಹೊಟ್ಟೆಯಲ್ಲಿ ಏನೋ ಆಗುತ್ತಿದೆ ಎಂದು. ಆಮೇಲೆ ಎಡಗೈ ಫ್ರಾಕಿನ ಅಂಚನ್ನು ಹಿಸುಕತೊಡಗುತ್ತದೆ, ಕತ್ತು ಒಂದು ಕಡೆ ವಾಲುತ್ತದೆ, ಕಣ್ಣು ಎಲ್ಲೋ ನಿಲ್ಲುತ್ತದೆ, ಆಮೇಲೆ ಇಡೀ ಮೈ. ಹೆತ್ತ ಮಗಳು ಹಾಗೆ ಹೊರಳುವಾಗ ಕೈಚಾಚಿ ಹಿಡಿಯದೆ ಫೋನು ಹಿಡಿದು ನಿಲ್ಲುವುದೆಂದರೆ ಏನು? ನಾಹಿದಾ ಹನ್ನೊಂದು ತಿಂಗಳು ನಿಂತಳು. ನಲವತ್ತೊಂದು ವಿಡಿಯೋ ಆದವು. ಮಾಡಿದ ಒಂದನ್ನೂ ಅವಳು ಎರಡನೇ ಸಲ ನೋಡಲಿಲ್ಲ.

ಅವಳ ಫೋನು ಸಣ್ಣದು, ತುಂಬಿಹೋಯಿತು. ಜಿಲಾನಿಯ ಹತ್ತಿರ ಬಂದಳು. ಇವನು ಎಲ್ಲವನ್ನೂ ಮೇಲಕ್ಕೆ ಏರಿಸಿ, ಫೋನಿನಲ್ಲಿ ‘ಜಾಗ ಖಾಲಿ ಮಾಡಿ’ ಎನ್ನುವುದನ್ನು ಒತ್ತಿ, ಹಗುರ ಮಾಡಿ ಕೊಟ್ಟ.

“ಮ್ಯಾಲಿನ ಖೋಲ್ಯಾಗ ಅದಾವ ಬೇಟಿ. ಅಲ್ಲಿ ಕಳ್ಳರಿಲ್ಲ, ಇಲಿ ಇಲ್ಲ, ನೀರು ಸೋರಂಗಿಲ್ಲ. ನಿನ್ನ ಫೋನು ಬಾವ್ಯಾಗ ಬಿದ್ರೂ ಅವಕ್ಕೇನೂ ಆಗಂಗಿಲ್ಲ” ಎಂದು ಹೇಳಿದ್ದನ್ನು ಗೋಡೆಯ ಈಚೆಯಿಂದ ನಾನು ಕೇಳಿದ್ದೇನೆ. ಫೋನು ಹೋದರೂ ಉಳಿಯುತ್ತವೆ ಎಂಬುದು ಸುಳ್ಳಲ್ಲ. ಆದರೆ ಆ ಖೋಲಿಗೆ ಅರವತ್ತೆರಡು ಬೀಗದಕೈ ಇದ್ದವು.

ಜನವರಿಯಲ್ಲಿ ಖೋಲಿ ತುಂಬಿತು. ಎಲ್ಲರ ಫೋನಿನಲ್ಲೂ ಕೆಂಪಕ್ಷರ, ಜಾಗ ಇಲ್ಲ, ಜಾಗ ಇಲ್ಲ. ದಿನಕ್ಕೆ ಹತ್ತು ಜನ ಅಂಗಡಿಗೆ ಬಂದು ಗೋಳಾಡತೊಡಗಿದರು. ಜಿಲಾನಿ ಎಲ್ಲರಿಗೂ ವಾಟ್ಸಾಪಿನಲ್ಲಿ ಒಂದು ವಾಯ್ಸ್ ಕಳಿಸಿದ: “ಎಲ್ಲಾರಿಗೂ ಸಲಾಂ, ಶರಣು. ಖೋಲಿ ತುಂಬೈತ್ರಿ. ನಿಮಗ ಬ್ಯಾಡಾದ್ದು ಅಳಸ್ರಿ, ಬೇಕಾದ್ದು ಇಟಗೋರಿ.” ಆ ವಾಯ್ಸ್ ಇನ್ನೂ ನನ್ನ ಹತ್ತಿರ ಇದೆ. ಎಷ್ಟು ಸಮಾಧಾನದ ದನಿ ಅದು!

ನಮ್ಮ ಜನ ಅಳಿಸಿದರು. ಏನನ್ನು ಅಳಿಸಿದರು ಎಂಬಲ್ಲೇ ಎಲ್ಲ ಕೆಟ್ಟಿತು. ತಮ್ಮದನ್ನು ಯಾರೂ ಮುಟ್ಟಲಿಲ್ಲ. ಇನ್ನೊಬ್ಬರ ಮನೆಯ ಹೆಣ್ಣುಮಕ್ಕಳ ಫೋಟೋ ನಮ್ಮ ಫೋನಿನಲ್ಲಿ ಇರಬಾರದು, ಅದು ಮರ್ಯಾದೆಯಲ್ಲ ಎಂದು ಗಂಡಸರು ಅಳಿಸಿದರು. ಪರಗಂಡಸರ ಮುಖ ನಮಗ್ಯಾಕೆ ಎಂದು ಹೆಂಗಸರು ಅಳಿಸಿದರು. ಕೆಟ್ಟ ಮನಸ್ಸಿನಿಂದ ಒಬ್ಬರೂ ಮಾಡಲಿಲ್ಲ. ಎಲ್ಲರೂ ಮರ್ಯಾದಸ್ಥರೇ. ತಮ್ಮ ಫೋನಿನಿಂದ ಮಾತ್ರ ಹೋಗುತ್ತದೆ, ಅವರದು ಅವರ ಹತ್ತಿರ ಇದ್ದೇ ಇರುತ್ತದೆ ಎಂದುಕೊಂಡು, ಎಂಟೇ ದಿನದಲ್ಲಿ ಒಬ್ಬರ ಬದುಕನ್ನು ಇನ್ನೊಬ್ಬರು ಒರೆಸಿ ಹಾಕಿದರು.

ಫೆಬ್ರವರಿ ಏಳಕ್ಕೆ ನಾಹಿದಾ ಪೆನ್‌ಡ್ರೈವ್ ಹಿಡಿದು ಬಂದಳು. ಹದಿನೆಂಟಕ್ಕೆ ಆಸ್ಪತ್ರೆಯಲ್ಲಿ ಡಾಕ್ಟರುಗಳೆಲ್ಲ ಕೂಡಿ ಕೂತು, ಯಾವ ಮಗುವಿಗೆ ಆಪರೇಷನ್ ಎಂದು ತೀರ್ಮಾನಿಸುತ್ತಾರೆ. ಎಲ್ಲ ವಿಡಿಯೋ ಅವತ್ತು ತರಬೇಕು. ಅವತ್ತು ತಪ್ಪಿದರೆ ಮತ್ತೆ ಐದು ತಿಂಗಳು. ಐದು ತಿಂಗಳೇನು ಮಹಾ ಎನ್ನುವವರು ಆ ಕೂಸನ್ನು ನೋಡಬೇಕು. ಹೋದ ವರ್ಷ ಐದರ ಮಗ್ಗಿ ಹೇಳುತ್ತಿದ್ದವಳು ಈಗ ಎರಡರದ್ದಕ್ಕೇ ತಡವರಿಸುತ್ತಾಳೆ. ಪ್ರತಿ ಸಲ ಬಂದಾಗಲೂ ಅದು ಕಲಿತದ್ದೊಂದನ್ನು ಎತ್ತಿಕೊಂಡು ಹೋಗುತ್ತದೆ.

ಜಿಲಾನಿ ಮೇಲಿನ ಖೋಲಿ ತೆಗೆದ. ಹುಡುಕಿದ. ಕನ್ನಡಕ ಒರೆಸಿಕೊಂಡು ಮತ್ತೆ ಹುಡುಕಿದ. ಒಂದೂ ಇರಲಿಲ್ಲ.

“ತಡಿ ಬೇಟಿ, ಅಳಸಿದ್ದು ಅರವತ್ತು ದಿನ ಕಸದಬುಟ್ಟ್ಯಾಗ ಇರತೈತಿ” ಎಂದ. ಅವನ ದನಿಯಲ್ಲಿ ಇನ್ನೂ ಧೈರ್ಯವಿತ್ತು. ಕಸದಬುಟ್ಟಿ ತೆಗೆದ. ಅದು ಗುಡಿಸಿ ಸಾರಿಸಿದ ಹಾಗೆ ಸ್ವಚ್ಛವಾಗಿತ್ತು. ‘ಇಲ್ಲಿ ಏನೂ ಇಲ್ಲ’ ಎಂದು ಬರೆದಿತ್ತು.

“ಯಾರು ಖಾಲಿ ಮಾಡಿದ್ರು ಇದನ್ನ? ಯಾರು?” ಎಂದು ಅವನು ಕೂಗಿದ್ದು ನನ್ನ ಮಿಷನ್ನಿನ ಸದ್ದನ್ನೂ ಮೀರಿ ಕೇಳಿತು.

ನಾನು. ಹೌದು, ನಾನೇ. ಕಸ ಎಂದರೆ ಅದನ್ನು ಹೊರಗೆ ಚೆಲ್ಲಬೇಕು ಎನ್ನುವ ಮನುಷ್ಯ ನಾನು. ಅಂಗಡಿಯಲ್ಲಿ ಒಂದು ಕಾಗದದ ಚೂರು ಬಿದ್ದರೂ ಎತ್ತುತ್ತೇನೆ. ಎಲ್ಲರೂ ಅಳಿಸಿದರೂ ಜಾಗ ಆಗಲಿಲ್ಲವಲ್ಲ ಎಂದು ತಡಕಾಡಿ, ಬುಟ್ಟಿಯಲ್ಲಿ ಸಾವಿರಗಟ್ಟಲೆ ಬಿದ್ದಿರುವುದನ್ನು ಕಂಡು, ‘ಶಾಶ್ವತವಾಗಿ ಅಳಿಸಲೇ?’ ಎಂದು ಕೇಳಿದಾಗ ಹೌದು ಎಂದು ಒತ್ತಿದವನು ನಾನು. ಅವತ್ತು ಜಾಣತನ ಮಾಡಿದೆನೆಂದು ಎರಡು ಚಹಾ ಹೆಚ್ಚಿಗೆ ಕುಡಿದಿದ್ದೆ.

ಗೋಡೆ ದಾಟಿ ಹೋಗಿ ಹೇಳಿದೆ. ನಾಹಿದಾ ಖಾಲಿ ಪೆನ್‌ಡ್ರೈವನ್ನು ಕೌಂಟರಿನಿಂದ ಎತ್ತಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು, ಮುಖದ ಮೇಲೆ ಉಗುಳಿದ್ದರೂ ಚೆನ್ನಾಗಿತ್ತು. ಜಿಲಾನಿ ನನ್ನ ಭುಜದ ಮೇಲೆ ಕೈಯಿಟ್ಟು, “ನೀ ಅಲ್ಲ ಲೇ. ಅಳಸ್ರಿ ಅಂದಾವ ನಾ” ಎಂದ.

ಅವತ್ತೇ ಆ ಕಂಪನಿಯ ಸಹಾಯದ ಕಿಟಕಿ ತೆರೆದು ನಾನು ಇಂಗ್ಲಿಷಿನಲ್ಲಿ ಬರೆದೆ. ಮಗುವಿನ ಪ್ರಾಣದ ವಿಷಯ ಎಂದು ಬರೆದೆ, ಕೈಮುಗಿಯುತ್ತೇನೆ ಎಂದು ಬರೆದೆ. ಎರಡು ನಿಮಿಷದಲ್ಲಿ ಉತ್ತರ ಬಂತು. ನಿಮ್ಮ ತೊಂದರೆಗೆ ವಿಷಾದವಿದೆ, ಬುಟ್ಟಿಯಿಂದಲೂ ಅಳಿಸಿದ್ದನ್ನು ಮರಳಿ ತರಲು ಸಾಧ್ಯವಿಲ್ಲ, ನಮ್ಮ ಸೇವೆ ನಿಮಗೆ ತೃಪ್ತಿ ತಂದಿತೇ? ಕೆಳಗೆ ಐದು ನಕ್ಷತ್ರ. ನಾನು ಕಂಪ್ಯೂಟರಿನ ಮೇಜನ್ನು ಗುದ್ದಿದೆ, ಕೈ ನೋಯಿತು, ಅಷ್ಟೇ.

ಮರುದಿನ ಜಿಲಾನಿ ಅಂಗಡಿಗೆ ಬೀಗ ಹಾಕಿದ. ಯಾರಾದರೂ ಆ ವಿಡಿಯೋ ತಮ್ಮ ಫೋನಿಗೆ ಇಳಿಸಿಕೊಂಡಿರಬಹುದು, ಯಾರಿಗಾದರೂ ಕಳಿಸಿರಬಹುದು ಎಂಬುದು ಅವನ ಆಸೆ. ನಾನೂ ಹಿಂದೆ ಹತ್ತಿದೆ. ಅವನ ಹಳೇ ಗಾಡಿಯ ಮೇಲೆ ಇಬ್ಬರು ಮುದುಕರು, ಕಾಲುವೆ ದಂಡೆಯ ಮೇಲೆ, ನಾಟಿ ಮಾಡುವವರ ನಡುವೆ ಮನೆ ಮನೆ ಕೇಳುತ್ತ ಹೊರಟೆವು. ಜವಳಗೇರಾದಲ್ಲಿ ಅಂಬಮ್ಮ ಎಂಬ ಮುದುಕಿ ಸಿಕ್ಕಳು. ಜಿಲಾನಿ ಮಾತು ಮುಗಿಸುವ ಮೊದಲೇ ಅವಳು ಎದೆಯ ಮೇಲೆ ಕೈಯಿಟ್ಟುಕೊಂಡಳು.

“ಯಪ್ಪಾ, ಆ ಕೂಸು ಜೀವಂತ ಐತೇನು?”

“ಐತಿ ಯವ್ವಾ.”

“ನಾನ ಅಳಸೀನಿ ನನ್ನಪ್ಪಾ. ಯಾರದೋ ಕೂಸು ಹಂಗ ಒದ್ದಾಡಾಕತ್ತಿತ್ತು, ನೋಡಾಕ ಆಗಲಿಲ್ಲ. ಊರ ಮಂದಿ ಕಣ್ಣು ಬಿದ್ದು ಕೂಸಿಗೆ ಇನ್ನೂ ಕೆಟ್ಟ ಆಗತೈತಿ ಅಂತ ಒಂದೊಂದ ಅಳಸಿದೆ. ಅಳಸಿದಾಗೊಮ್ಮೆ, ಕೂಸಿನ ಬ್ಯಾನಿ ಹಿಂಗ ಹೋಗಲಿ ಅಂತ ದೇವರನ್ನ ಬೇಡಿಕೊಂಡೀನಿ.”

ನಲವತ್ತೊಂದು ಸಲ ಬೇಡಿಕೊಂಡಿದ್ದಾಳೆ. ಅವಳಿಗೆ ಏನೆಂದು ಹೇಳುವುದು? ಜಿಲಾನಿ, “ನಿನ್ನ ತಪ್ಪಿಲ್ಲ ಯವ್ವಾ” ಎಂದು ಹೇಳಿ ಬಂದ. ಆ ಮಾತನ್ನು ಅವನು ಆ ವಾರ ಎಷ್ಟು ಮಂದಿಗೆ ಹೇಳಿದನೋ. ಅವನಿಗೆ ಹೇಳುವವರು ಮಾತ್ರ ಯಾರೂ ಇರಲಿಲ್ಲ.

ಸಿಂಧನೂರಿನಲ್ಲಿ ಇಲ್ಲ, ಕ್ಯಾಂಪಿನಲ್ಲಿ ಇಲ್ಲ, ಹಟ್ಟಿಯಲ್ಲಿ ಇಲ್ಲ. ಮೂರನೇ ದಿನ ಲಿಂಗಸುಗೂರಿನಲ್ಲಿ ಪಕೀರಪ್ಪ ಎಂಬ ನಿವೃತ್ತ ಕಂಡಕ್ಟರ್, ಹೊಸ ಫೋನು ತಗೊಂಡ ಮೇಲೆ ಹಳೆಯದನ್ನು ದೀಪಾವಳಿಯಿಂದ ಡ್ರಾದಲ್ಲಿ ಇಟ್ಟಿದ್ದೇನೆ ಎಂದ. ಅಳಿಸುವ ಮೊದಲೇ ಬಂದ್ ಆಗಿದ್ದ ಫೋನು! ನೆಟ್ ತಾಗದಂತೆ ಸಿಮ್ ತೆಗೆದು, ಚಾರ್ಜ್‌ಗೆ ಹಾಕಿ, ಅದು ಬೆಳಗುವವರೆಗೆ ನಾವು ಮೂವರೂ ಅದರ ಮುಂದೆ ಕೂತೆವು.

ಬೆಳಗಿತು. ಫೋಟೋಗಳು ಬಂದವು. ಕೆಳಗೆ ಕೆಳಗೆ ಎಳೆದಂತೆ, ಅಂಚೆಚೀಟಿಯಷ್ಟು ಚೌಕಗಳಲ್ಲಿ ಮಹೆಕ್. ಹಸಿರು ಫ್ರಾಕಿನ ಮಹೆಕ್, ಚಾಪೆಯ ಮೇಲಿನ ಮಹೆಕ್, ಹೊಲಿಗೆ ಮಿಷನ್ನಿನ ಪಕ್ಕದ ಮಹೆಕ್. ಇಪ್ಪತ್ತಾರು ಇದ್ದವು, ಎಣಿಸಿದೆ. ಜಿಲಾನಿ “ಯಾ ಅಲ್ಲಾ” ಎಂದು ಒಂದನ್ನು ಒತ್ತಿದ. ನಡುವೆ ಒಂದು ಬಳೆ ತಿರುಗಿತು, ತಿರುಗುತ್ತಲೇ ಇತ್ತು. ವಿಡಿಯೋ ಇಲ್ಲಿಲ್ಲ, ಮೇಲೆ ಇದೆ, ನೆಟ್ ಹಾಕಿ ಎಂದಿತು. ಇಲ್ಲಿದ್ದದ್ದು ಬರೀ ಅದರ ನೆರಳು.

ನೆಟ್ ಹಾಕಿದರೆ ಮೇಲಿನ ಖೋಲಿಯ ಸುದ್ದಿ ಇದಕ್ಕೂ ತಿಳಿಯುತ್ತದೆ, ಇದ್ದ ನೆರಳೂ ಹೋಗುತ್ತದೆ. ಹಾಕದಿದ್ದರೆ ಇದು ಯಾತಕ್ಕೂ ಬಾರದು. ಜಿಲಾನಿ ಒಂದು ತಾಸು ಆ ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಕೊನೆಗೆ ಆ ಚೌಕಗಳ ಫೋಟೋವನ್ನು ತನ್ನ ಫೋನಿನಲ್ಲಿ ತೆಗೆದುಕೊಂಡು, ಒಂದೇ ಒಂದಾದರೂ ಇಳಿಯಲಿ ಎಂದು ಬಿಸ್ಮಿಲ್ಲಾ ಹೇಳಿ ನೆಟ್ ಹಾಕಿದ. ಮಹೆಕ್ ಒಂದೊಂದೇ ಚೌಕದಿಂದ ಹೋಗಿಬಿಟ್ಟಳು. ಅವಳು ಖಾಲಿ ಮಾಡಿದ ಜಾಗಕ್ಕೆ ಯಾರದೋ ಟ್ರ್ಯಾಕ್ಟರ್ ಬಂದು ನಿಂತಿತು. ಐವತ್ತಾರು ವರ್ಷದ ಗಂಡಸು ಪರರ ಮನೆಯ ಕಟ್ಟೆಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ನಾನು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಯಾವ ಬಾಯಿಂದ ಮಾಡಲಿ?

ನಾಹಿದಾ ಡಾಕ್ಟರಿಗೆ ಫೋನು ಮಾಡಿದಳು. ಅವರು ಒಳ್ಳೆಯವರೇ, ಬೈಯಲಿಲ್ಲ. ಹಾಗಾದರೆ ಹೊಸದಾಗಿ ಒಂದಾದರೂ ಮಾಡಿಕೊಂಡು ಬನ್ನಿ ಎಂದರು. ಶುರುವಿನಿಂದ, ಸ್ಪಷ್ಟವಾಗಿ, ಒಂದೇ ಒಂದು ಸಾಕು. ಅದೂ ಇಲ್ಲದಿದ್ದರೆ ಹದಿನೆಂಟಕ್ಕೆ ಮಗುವಿನ ಹೆಸರನ್ನು ತೆಗೆದುಕೊಳ್ಳಲಿಕ್ಕಾಗುವುದಿಲ್ಲ. ಔಷಧ ಮಾತ್ರ ಒಂದು ಹೊತ್ತೂ ತಪ್ಪಿಸಬೇಡಿ ಎಂದು ಎರಡೆರಡು ಸಲ ಹೇಳಿದರು.

ಮೊದಲು ವಾರಕ್ಕೆ ಎರಡು ಸಲ ಬರುತ್ತಿದ್ದದ್ದು ಹೊಸ ಔಷಧದಿಂದ ಈಗ ಇಪ್ಪತ್ತು ದಿನಕ್ಕೊಮ್ಮೆ ಆಗಿತ್ತು. ಅದನ್ನು ಕಂಡು ಎಲ್ಲರೂ ದೇವರಿಗೆ ಕೈಮುಗಿದಿದ್ದೆವು. ಈಗ ಉಳಿದದ್ದು ಏಳು ದಿನ.

ಮನೆಯಲ್ಲಿ ಒಬ್ಬಳೇ ಎಷ್ಟು ಹೊತ್ತು ಕಾಯುತ್ತಾಳೆ? ಒಲೆಯ ಮುಂದೆ ಹೋದ ಆ ಒಂದು ನಿಮಿಷದಲ್ಲೇ ಬಂದು ಹೋದರೆ? ಜಿಲಾನಿ ಅವಳಿಗೆ ಹೊಲಿಗೆ ಮಿಷನ್ನನ್ನು ಅಂಗಡಿಗೇ ತರಿಸಿಕೊಟ್ಟ. ಕೌಂಟರ್ ಸರಿಸಿ, ಕೆಳಗೆ ದಪ್ಪ ಗಾದಿ ಹಾಸಿ, ತಲೆಗೆ ತಾಗುವಂಥ ಸಾಮಾನು ತೆಗೆಸಿ, ಮಹೆಕ್‌ಗೆ ಬಣ್ಣದ ಪೆನ್ಸಿಲು, ನನ್ನ ಅಂಗಡಿಯ ಹಾಳೆ ಕೊಟ್ಟ. ತನ್ನ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ಫೋನನ್ನು ಚಾರ್ಜ್ ತುಂಬಿ ಕೈಯಲ್ಲೇ ಹಿಡಿದ. ಬೆಳಿಗ್ಗೆ ಒಂಬತ್ತರಿಂದ ಸಂಜೆವರೆಗೆ ನಾವು ಮೂವರು ದೊಡ್ಡವರು ಒಂದು ಕೂಸನ್ನು ನೋಡುತ್ತ ಕೂತೆವು. ಏನಕ್ಕೆ ಕಾಯುತ್ತಿದ್ದೇವೆ ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಹೇಗೆ ಹೇಳುವುದು?

ತಾರೀಖು ಹನ್ನೆರಡು ಹೋಯಿತು, ಹದಿಮೂರು ಹೋಯಿತು, ಹದಿನಾಲ್ಕು. ಮಹೆಕ್ ಚೆನ್ನಾಗಿದ್ದಳು. ಇಷ್ಟು ಚೆನ್ನಾಗಿ ಅವಳು ಎಂದೂ ಇರಲಿಲ್ಲ. ನಗುತ್ತಿದ್ದಳು, ನನ್ನ ಚಿತ್ರ ಬರೆದು ಮೀಸೆಗೆ ಹಸಿರು ಬಣ್ಣ ತುಂಬಿದಳು, ಎರಡರ ಮಗ್ಗಿಯನ್ನು ಕೊನೆಯವರೆಗೆ ಹೇಳಿದಳು. ಅವಳು ನಕ್ಕಾಗೊಮ್ಮೆ ನಾಹಿದಾಳ ಮುಖ ಇಳಿಯುತ್ತಿತ್ತು. ನಾನು ಮನೆಯಲ್ಲಿ ಪೂಜೆಗೆ ಕೂತು ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡರೆ ನಾಲಗೆ ತುದಿಗೆ ಒಂದೇ ಮಾತು, ಬರಲಿ ತಂದೆ, ಒಂದು ಸಲ ಬರಲಿ. ಏಳು ವರ್ಷದ ಕೂಸಿಗೆ ಫಿಟ್ಸ್ ಬರಲಿ ಎಂದು ಬೇಡಿಕೊಂಡ ಬಾಯಿ ಇದು.

ಹದಿನಾರಕ್ಕೆ ಸಕೀನಾಬೀ ಬುತ್ತಿ ತಂದಳು. ವಾಡಿಕೆಯಂತೆ ಮಹೆಕ್‌ಳ ತಲೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ದುವಾ ಓದಿ ಊದಲು ಬಾಗಿದಳು. ನಾಹಿದಾ ಎದ್ದು ಅವಳ ಕೈ ಹಿಡಿದುಕೊಂಡಳು.

“ಚಾಚೀ, ಬ್ಯಾಡ್ರಿ. ಇನ್ನೊಂದು ದಿನ ದುವಾ ಮಾಡಬ್ಯಾಡ್ರಿ.”

ಸಕೀನಾಬೀ ಬೆಚ್ಚಿ ಗಂಡನ ಮುಖ ನೋಡಿದಳು. ಜಿಲಾನಿ ತಲೆ ತಗ್ಗಿಸಿದ. ಬುತ್ತಿ ಯಾರೂ ಉಣ್ಣಲಿಲ್ಲ.

ಹದಿನೇಳು. ಸಂಜೆ ಬಸ್ಸಿಗೆ ಹೊರಡಬೇಕು. ಬ್ಯಾಗು ಕೌಂಟರಿನ ಕೆಳಗೆ ಇತ್ತು. ವಾಸಿಂ ಸಿಂಧನೂರಿನಲ್ಲಿ ಲಾರಿ ಬಿಟ್ಟು ಅಲ್ಲೇ ಬಸ್ಸು ಹತ್ತುವುದೆಂದು ಮಾತಾಗಿತ್ತು. ಹನ್ನೊಂದು ಗಂಟೆಯೊಳಗೆ ಎರಡು ಸಲ ಫೋನು ಮಾಡಿ, “ಬಂತೇನು?” ಎಂದು ಕೇಳಿದ. ಇಲ್ಲ. ಬಿಸಿಲು ಒಳಗೆ ಬರತೊಡಗಿತ್ತು. ನಾಹಿದಾ ಮಿಷನ್ನಿನ ಮುಂದೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು, ಮೂರು ಸಲ ತಪ್ಪಿತು. ಜಿಲಾನಿ ಫೋನು ಹಿಡಿದ ಕೈಯನ್ನು ಇನ್ನೊಂದು ಕೈಯಿಂದ ಆನಿಸಿಕೊಂಡಿದ್ದ. ಮಹೆಕ್ ಪೆನ್ಸಿಲನ್ನು ಕೆಳಗೆ ಇಟ್ಟಳು. ಜಿಲಾನಿ ರೆಕಾರ್ಡ್ ಗುಂಡಿ ಒತ್ತಿದ.

“ಅಮ್ಮೀ, ಪೇಟ್ ಮೇ ಕ್ಯಾಕಿ ಹೋರಾ.”

“ಬಂತು!” ಎಂದು ನಾಹಿದಾ ಕೂಗಿದಳು. “ಚಾಚಾ, ಬಂತು ಬಂತು! ಹಿಡೀರಿ!”

ಹದಿನೈದು ದಿನದ ಮೇಲೆ ಗಂಡನ ಲಾರಿ ಓಣಿಗೆ ತಿರುಗಿದಾಗ ಕೂಗುವಂಥ ದನಿ ಅದು. ಸಂತೋಷದ ದನಿ. ನಾನು ಮಗುವಿನ ಪಕ್ಕ ಮೊಣಕಾಲೂರಿದೆ. ಎಡಗೈ ಫ್ರಾಕಿನ ಅಂಚನ್ನು ಹಿಸುಕತೊಡಗಿತ್ತು. ಕತ್ತು ವಾಲಿತು, ಕಣ್ಣು ಗೋಡೆಯ ಮೇಲೆಲ್ಲೋ ನಿಂತಿತು. ಆಮೇಲೆ ಗಾದಿಯ ಮೇಲೆ ಇಡೀ ಮೈ. ನಾಹಿದಾ ಡಾಕ್ಟರು ಹೇಳಿಕೊಟ್ಟಂತೆ ಮಗ್ಗುಲಿಗೆ ತಿರುಗಿಸಿದಳು. ಜಿಲಾನಿ ಕದಲಲಿಲ್ಲ. ಅವನ ಕಣ್ಣಿನಿಂದ ನೀರು ಸುರಿದು ಗಡ್ಡದೊಳಗೆ ಇಳಿಯುತ್ತಿತ್ತು, ಕೈ ಮಾತ್ರ ಅಲುಗಾಡಲಿಲ್ಲ. ಒಂದು ನಿಮಿಷ ನಲವತ್ತು ಸೆಕೆಂಡು.

ಮಗು ತಾಯಿಯ ತೊಡೆಯ ಮೇಲೆ ನಿದ್ದೆಹೋಯಿತು. ಜಿಲಾನಿ ಸರಿಯಾಗಿ ಬಂದಿದೆಯೋ ಇಲ್ಲವೋ ನೋಡಲು ವಿಡಿಯೋ ಹಾಕಿದ. ಚೆನ್ನಾಗಿ ಬಂದಿತ್ತು. ಡಾಕ್ಟರು ಕೇಳಿದ ಆ ಮೊದಲ ಗಳಿಗೆಯಿಂದಲೇ ಇತ್ತು, ಮಗು ಹೊಟ್ಟೆಯ ಮಾತು ಹೇಳುವುದೂ ಕೇಳುತ್ತಿತ್ತು. ಅದು ಮುಗಿಯುವ ಮೊದಲೇ, ಅದರ ಮೇಲೆಯೇ ನಾಹಿದಾಳ ಕೂಗು ಕೇಳಿಸಿತು.

ಅವಳು ತಲೆ ಎತ್ತಿದಳು.

“ಮತ್ತೊಮ್ಮೆ ಹಾಕ್ರಿ.”

ಜಿಲಾನಿ ಹಾಕಿದ. ಬಂತು ಬಂತು.

“ಚಾಚಾ, ಇದು ನನ್ನ ದನಿಯೇನ್ರಿ?” ಎಂದಳು. “ನನ್ನ ದನಿ ತಗದಬಿಡ್ರಿ. ಡಾಕ್ಟರ್ ಕೇಳ್ತಾರ.”

“ಎರಡೂ ಒಂದರ ಮ್ಯಾಲ ಒಂದು ಬಿದ್ದಾವ ಬೇಟಿ. ನಿಂದು ತಗದರ ಮಹೆಕ್ ಹೇಳಿದ್ದೂ ಹೋಗತೈತಿ. ಅವರಿಗೆ ಬೇಕಾಗಿದ್ದು ಅದ.”

ನಾಹಿದಾ ಮಗಳ ಕೂದಲನ್ನು ಹಿಂದಕ್ಕೆ ಸವರಿದಳು. ಸವರುತ್ತಲೇ ಇದ್ದಳು.

“ಆಪರೇಷನ್ ಆಗಿ, ಅರಾಮಾಗಿ, ದೊಡ್ಡಾಕಿ ಆಗಿ, ಒಂದಿನ ಆಕಿ ಇದನ್ನ ನೋಡಿದರ,” ಎಂದು ಕೇಳಿದಳು, “ನಾ ಯಾಕ ಇಷ್ಟು ಖುಷಿಯಾಗಿದ್ದೆ ಅಂತ ಏನ್ ಹೇಳ್ಲಿ ಚಾಚಾ?”